ಕಾಡತೂಸು ಮೂಸುತ್ತಿದ್ದ ಕಾಕಾ

೧೯೮೮ರಲ್ಲಿ, ಆರನೆಯ ಇಯತ್ತೆ ಅರ್ಧಕ್ಕೆ ಬಂದಾಗ, ನನ್ನ ಓದು ನಿಂತಿತು. ಅಪ್ಪನ ಸೊಂಟ ಬಿದ್ದುಹೋಗಿತ್ತು. ಎತ್ತುಗಳ ಹಿಂದೆ ನಡೆಯಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅದಕ್ಕಾಗಿ ನನಗೆ ನಾಚಿಕೆಯಿಲ್ಲ. ಅಕ್ಕಲಕೋಟ ತಾಲೂಕಿನಲ್ಲಿ ನನ್ನಷ್ಟು ದುಡಿದವನನ್ನು ತೋರಿಸಿ ಎಂದು ಇವತ್ತಿಗೂ ಕೇಳಬಲ್ಲೆ. ಆದರೆ ಯಾರಾದರೂ ಇಂಗ್ಲಿಷ್ ಕಾಗದ ಮುಂದೆ ಹಿಡಿದರೆ, “ಚಷ್ಮಾ ಮನ್ಯಾಗ ಬಿಟ್ಟ ಬಂದೀನ್ರಿ” ಎನ್ನುತ್ತಿದ್ದೆ. ಆಗ ನನಗೆ ಚಷ್ಮಾವೇ ಇರಲಿಲ್ಲ.

ಆ ಸುಳ್ಳು ಬೇಡವಾಗಿದ್ದುದು ಒಬ್ಬರ ಮುಂದೆ ಮಾತ್ರ. ಸೋಲಾಪುರದ ನವಿ ಪೇಠೆಯ ಒಂದು ಓಣಿಯಲ್ಲಿ ಬಂದೂಕು, ಕಾಡತೂಸು ಮಾರುತ್ತಿದ್ದ ಕಾಕಾ. ಅವರ ಮೂಗು ಉದ್ದ, ತುದಿ ಎಡಕ್ಕೆ ಬಾಗಿತ್ತು. ನಾವು ತಂದ ಖಾಲಿ ಕಾಡತೂಸನ್ನು ಅದರ ಹೊಳ್ಳೆಗೆ ಹಿಡಿದು, ಕಣ್ಣು ಮುಚ್ಚಿ, ವ್ಯಾಪಾರಿ ತುಪ್ಪ ಮೂಸಿದ ಹಾಗೆ ಮೂಸುತ್ತಿದ್ದರು. “ಇದು ನಿನ್ನಿದು. ಇದು ಹ್ವಾದ ತಿಂಗಳದ್ದು.” ಅವರ ಮಾತು ತಪ್ಪಿದ್ದನ್ನು ನಾನು ಕಾಣೆ. ಖಾಲಿ ತಂದವನಿಗೇ ಹೊಸದು. ಅದಕ್ಕೂ ಮೊದಲು ಎಲ್ಲಿ, ಯಾತಕ್ಕೆ ಹಾರಿಸಿದೆ ಎಂದು ಹೇಳಬೇಕು. ಅದನ್ನವರು ಕೆಂಪು ಬಟ್ಟೆ ಹೊದಿಸಿದ ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಒಬ್ಬ ಪಾಟೀಲ ಮದುವೆಯ ಮೆರವಣಿಗೆಯಲ್ಲಿ ಹಾರಿಸಿ ಬಂದು, “ಗುರಿ ಅಭ್ಯಾಸ ಅಂತ ಬರೀರಿ ಕಾಕಾ” ಎಂದ. ಕಾಕಾ ಪೆನ್ನು ಝಾಡಿಸಿ, “ಸುಳ್ಳ ಬರಿಯೂ ಶಾಯಿ ಈ ಪೆನ್ನಿನ್ಯಾಗ ಇಲ್ಲೋ ಪಾಟೀಲ. ಬ್ಯಾರೆ ಅಂಗಡಿ ನೋಡು” ಎಂದು ನಕ್ಕು ಕಳಿಸಿದರು.

ತೊಗರಿ ವ್ಯಾಪಾರ ಕೈಹಿಡಿದ ಮೇಲೆ, ರೊಕ್ಕ ಕಟ್ಟಿಕೊಂಡು ಒಬ್ಬನೇ ಊರೂರು ತಿರುಗುವವನೆಂದು ನನಗೆ ರಿವಾಲ್ವರಿನ ಲೈಸೆನ್ಸ್ ಸಿಕ್ಕಿತ್ತು. ಮೊದಲ ದಿನ ಕಾಕಾ ಕಾಡತೂಸಿನ ಡಬ್ಬಿಯನ್ನು ನನ್ನ ಕಡೆ ತಿರುಗಿಸಿ, ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದಿ ಹೇಳಿದರು. ಚಷ್ಮಾದ ಮಾತು ತೆಗೆಯುವುದಕ್ಕೇ ನನ್ನನ್ನು ಬಿಡಲಿಲ್ಲ. “ನಾ ಓದತೀನಿ, ನೀ ಕೇಳು. ಜ್ವಾಳ ನೀ ಬಿತ್ತತಿ, ನಾ ತಿಂತೀನಿ. ನಾಚಕೊಂಡೇನೇನು?” ಆವತ್ತಿನಿಂದ ನನ್ನ ಕೋರ್ಟಿನ ಕಾಗದ, ಬ್ಯಾಂಕಿನ ಕಾಗದ ಎಲ್ಲವೂ ಆ ಅಂಗಡಿಗೇ ಹೋದವು.

ಮೂರು ವರ್ಷದ ಹಿಂದೆ ಕಡಲೆ ಚಿಗುರುವ ಹೊತ್ತಿಗೆ ಹೊಲಕ್ಕೆ ಚಿಗರಿಗಳ ಹಿಂಡು ಬೀಳತೊಡಗಿತು. ಜಿಂಕೆಯ ಜಾತಿ, ಹೊಡೆಯುವಂತಿಲ್ಲ, ಹೊಡೆದರೆ ಜೈಲು. ಕೂಗಿ ಓಡಿಸಬೇಕು, ಅಷ್ಟೇ. ಊಟಕ್ಕೆ ಬಂದಿದ್ದ ಹೆಂಡತಿಯ ತಮ್ಮ ಎಲ್ಲರೆದುರಿಗೆ ಚುಚ್ಚಿದ: “ಮಾಮಾ, ನಡಕ್ಕ ಕಟಗೊಂಡ ತಿರಗತೀರಲ್ಲ, ಅದು ದೀಪಾವಳಿ ಟಿಕಲಿ ಪಿಸ್ತೂಲೇನ್ರಿ? ಚಿಗರಿ ಸುದ್ದಾ ಅಂಜವಲ್ದು.” ಹೆಂಗಸರೂ ನಕ್ಕರು.

ಮರುದಿನವೇ ನವಿ ಪೇಠೆಗೆ ಹೋದೆ. ಎರಡು ಡಬ್ಬಿ ಮುಂದಿದ್ದವು. ಒಂದರ ಗುಂಡು ಬರಿ ಸೀಸದ್ದು, ಇನ್ನೊಂದರದ್ದು ತಾಮ್ರ ಹೊದ್ದದ್ದು.

“ಕಾಕಾ, ಚಿಗರಿ ಬೀಳಬೇಕಂದ್ರ ಇದರಾಗ ಯಾವದು?”

ಕಾಕಾ ಎರಡನ್ನೂ ಹಿಂದಕ್ಕೆ ಎಳೆದುಕೊಂಡರು. “ಎರಡೂ ಅಲ್ಲ. ಇದು ಖೋಲಿಯೊಳಗಿನ ಹತ್ಯಾರ ತಮ್ಮಾ, ಹೊಲದ್ದಲ್ಲ. ಮುಟ್ಟತೈತಿ, ಕೊಲ್ಲೂದಿಲ್ಲ. ಪ್ರಾಣಿ ಓಡಿಹೋಗಿ ಎಲ್ಲೋ ನರಳಕೋತ ಬಿದ್ದಿರತೈತಿ. ಚಿಗರಿಗಿ ಕಾಡತೂಸ ನನ್ನ ಅಂಗಡ್ಯಾಗೂ ಇಲ್ಲ, ಕಾಯದೆದಾಗೂ ಇಲ್ಲ.”

“ಚ್ಯಾಷ್ಟಿಗಿ ಕೇಳಿದ್ನಿರಿ,” ಎಂದೆ. “ಸಂತಿಗಿ ಹೋಗೂ ಮುಂದ ಇರಲಿ, ತಾಮ್ರದ್ದ ಕೊಡ್ರಿ.” ಅವರು ನನ್ನ ಮುಖ ನೋಡಿದರು, ಖಾಲಿ ಕೇಳದೆಯೇ ಕೊಟ್ಟರು. ನನ್ನನ್ನು ನಂಬಿದ್ದರು. ತಾಮ್ರ ಯಾಕೆ ಆರಿಸಿದೆ? ನೇಗಿಲ ಕುಳ ಗಟ್ಟಿಯಿದ್ದಷ್ಟೂ ಆಳಕ್ಕೆ ಇಳಿಯುತ್ತದೆ. ನನಗೆ ಗೊತ್ತಿದ್ದ ವಿದ್ಯೆ ಅದೊಂದೇ.

ಎರಡು ದಿನ ಬಿಟ್ಟು ಬೆಳಿಗ್ಗೆ, ಹೆಂಡತಿಯ ತಮ್ಮನನ್ನು ಬದುವಿನ ಮೇಲೆ ನಿಲ್ಲಿಸಿಕೊಂಡು ಮೂರು ಸಲ ಹಾರಿಸಿದೆ. ಮೂರನೆಯದಕ್ಕೆ ಒಂದು ಹೆಣ್ಣು ಚಿಗರಿ ಮುಗ್ಗರಿಸಿತು. ಬೀಳಲಿಲ್ಲ. ಪಕ್ಕದ ತೊಗರಿಯೊಳಗೆ ನುಗ್ಗಿ ಕಾಣೆಯಾಯಿತು. ಗುಂಡು ಸೂಜಿಯ ಹಾಗೆ ಹಾಯ್ದು ಆಚೆ ಹೋಗಿತ್ತೆಂದು ಆಮೇಲೆ ತಿಳಿಯಿತು. ಸ್ವಲ್ಪ ಹುಡುಕಿ ಬಿಟ್ಟೆವು.

ಮಾರನೆಯ ದಿನ ಮೂರು ಖಾಲಿ ಹಿಡಿದು ಅಂಗಡಿಗೆ ಹೋಗಿ, “ಗಡಿಗಿ ಇಟ್ಟು ಗುರಿ ನೋಡಿದ್ನಿರಿ” ಎಂದೆ. ಕಾಕಾ ಮೂಸಿದರು. ಕಣ್ಣು ತೆರೆಯದೆಯೇ ಕೇಳಿದರು: “ಬಿತ್ತೇನು?”

“ಇಲ್ರಿ. ತೊಗರ್ಯಾಗ ಹೊಕ್ಕತು,” ಎಂದೆ.

ಹಾಡಹಗಲು ಕದ ಎಳೆದರು. ಎಪ್ಪತ್ತು ದಾಟಿದ ಮನುಷ್ಯ ನನ್ನ ಗಾಡಿಯಲ್ಲಿ ಕೂತು ಊರಿಗೆ ಬಂದು, ತೊಗರಿಯ ಸಾಲು ಸಾಲು ತುಳಿದು ಹುಡುಕಿದರು. ಜಾಲಿಯ ಬುಡದಲ್ಲಿ ಸಿಕ್ಕಿತು. ಹೊಟ್ಟೆಯ ಮೇಲೆ ನೊಣ. ಇನ್ನೂ ಉಸಿರಾಡುತ್ತಿತ್ತು, ನಮ್ಮನ್ನು ನೋಡಿ ಏಳಲು ಹೋಗಿ ಮುಂಗಾಲು ಮಾತ್ರ ಎತ್ತಿತು.

“ಜಂಗಲ ಖಾತೆದವರಿಗೆ ಫೋನ ಹಚ್ಚು. ಡಾಕ್ಟರ್ ಬರಲಿ.”

“ಕಾಕಾ, ಮುಂದಿನ ತಿಂಗಳ ಮಗಳ ಲಗ್ನ ಐತ್ರಿ. ನನ್ನ ಒಳಗ ಹಾಕತಾರ.” ಅವರ ಕಾಲು ಹಿಡಿದೆ. ಜೀವನದಲ್ಲಿ ನಾನು ಯಾರ ಕಾಲನ್ನೂ ಹಿಡಿದವನಲ್ಲ.

“ಹಚ್ಚೋ, ಮುಡದಾರಾ!” ಎಂದು ಕೂಗಿದರು. ಅವರ ಬಾಯಲ್ಲಿ ಬೈಗುಳ ಕೇಳಿದ್ದು ಅದೇ ಮೊದಲು. ನಾನು ಫೋನು ಜೇಬಿನಿಂದ ತೆಗೆಯಲಿಲ್ಲ. ಹಾಗೆ ಜಗಳಾಡುತ್ತಿರುವಾಗಲೇ ಅದು ಸತ್ತಿತು.

ಸೋಲಾಪುರಕ್ಕೆ ಮರಳಿದ ಕೂಡಲೇ ಕಾಕಾ ಅಂಗಡಿಯ ಕದ ತೆರೆದು, ವಹಿ ಬಿಚ್ಚಿ, ನನ್ನ ಹೆಸರಿನ ಮುಂದೆ ಬರೆದು, ನನಗೆ ಕಾಣುವಂತೆ ತಿರುಗಿಸಿದರು: ಗುರಿ ಅಭ್ಯಾಸ, ಮೂರು. “ನಿನ್ನ ಮಗಳ ಸಲುವಾಗಿ,” ಎಂದರು. “ನಾಲ್ವತ್ತ ವರ್ಸದಾಗ ಇದೊಂದ. ಇನ್ನ ಈ ವಹಿ ಯಾರ ನಂಬಬೇಕು?”

ಆ ವಾರವೇ ಅಂಗಡಿಯ ಲೈಸೆನ್ಸ್ ತಿರುಗಿ ಕೊಟ್ಟುಬಿಟ್ಟರು. ಮಗಳ ಲಗ್ನಕ್ಕೆ ಕರೆಯಲು ಮನೆಗೆ ಹೋದಾಗ ಹೊರಗೆ ಬರಲಿಲ್ಲ. ಲಗ್ನವಾದ ಮೇಲೆ ಠಾಣೆಗೆ ಹೋಗಿ ಒಪ್ಪಿಕೊಳ್ಳಬೇಕೆಂದಿದ್ದೆ. ಮೊಮ್ಮಗ ಹುಟ್ಟಲಿ ಎಂದುಕೊಂಡೆ. ಆಮೇಲೆ ಸುಗ್ಗಿ ಬಂತು. ಈ ವರ್ಷ ಕಾಕಾ ತೀರಿಕೊಂಡರು. ವಿಭೂತಿ ಹಚ್ಚಿ ಗೋಡೆಗೆ ಕೂರಿಸಿದ್ದರು. ಆ ಮೂಗಿನ ಹೊಳ್ಳೆಗಳಿಗೆ ಅರಳೆ ಇಟ್ಟಿದ್ದರು.

ಮಣ್ಣು ಮಾಡಿ ಬಂದ ಮೇಲೆ ಅವರ ಮಗ ಒಂದು ಕಾಗದದ ಪೊಟ್ಟಣ ತಂದ. ಮರಾಠಿ ಸಾಲಿಯಲ್ಲಿ ಓದಿದವನು, ಕನ್ನಡ ಮಾತಾಡುತ್ತಾನೆ, ಓದಲು ಬಾರದು. “ಅಪ್ಪ ನಿಮಗ ಕೊಡಂತ ಹೇಳಿದ್ರು. ಮ್ಯಾಲ ಏನ ಬರದಾರ್ರಿ?”

ನನಗೆ ಓದಲು ಬರಲಿ ಎಂದು ದೊಡ್ಡ ದೊಡ್ಡ ಕನ್ನಡ ಅಕ್ಷರ ಬರೆದಿದ್ದರು: ಚಿಗರಿಗೆ ಹಾರಿಸಿದ್ದು, ಮೂರು.

“ಚಷ್ಮಾ ಮನ್ಯಾಗ ಬಿಟ್ಟ ಬಂದೀನಪಾ,” ಎಂದೆ. ಚಷ್ಮಾ ಜೇಬಿನಲ್ಲೇ ಇತ್ತು.

ಈಗ ನನ್ನ ಹತ್ತಿರ ಇರುವುದು: ಹದಿನಾಲ್ಕು ಎಕರೆ ಹೊಲ, ಎರಡು ಬಾವಿ, ಒಂದು ಟ್ರ್ಯಾಕ್ಟರ್, ಒಬ್ಬ ಮೊಮ್ಮಗ, ಒಂದು ಚಷ್ಮಾ. ರಿವಾಲ್ವರ್ ಇಲ್ಲ, ಠಾಣೆಗೆ ಒಪ್ಪಿಸಿದೆ. ಯಾಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಖಾಲಿ ಕಾಡತೂಸು, ಮೂರು.