ಕೆಂಪಾದ ಒಂದು ರೂಪಾಯಿ

ನರಸಿಂಹರಾಜಪುರದ ಆ ನಿವೃತ್ತ ಕಂಡಕ್ಟರು ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ: “ಎಂತ ಹೇಳ್ತೀಯ ಮಾರಾಯ್ತಿ?” ಅಂಗೈಯಲ್ಲಿ ನಾಣ್ಯವಿಟ್ಟು, ಕನ್ನಡಕವನ್ನು ಹಣೆಗೇರಿಸಿ, ನಾನು ಬಾಯಿ ಬಿಡುವವರೆಗೆ ಸುಮ್ಮನೆ ಕಾಯುತ್ತಿದ್ದರು. ನಾನು “ತಪ್ಪು” ಎಂದರೆ ನಾಣ್ಯ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತಿತ್ತು. “ಪೆಟ್ಟು” ಎಂದರೆ ಎದುರಿನ ಚಹಾದಂಗಡಿಗೆ.

ತಪ್ಪು ಎಂದರೆ ಟಂಕಸಾಲೆಯಲ್ಲಿ ನಾಣ್ಯ ಅಚ್ಚಾಗುವಾಗಲೇ ಆದದ್ದು; ಅವರು ಕೂಡಿಡುತ್ತಿದ್ದುದು ಅಂಥವನ್ನೇ. ಪೆಟ್ಟು ಎಂದರೆ ಅಲ್ಲಿಂದ ಹೊರಬಿದ್ದ ಮೇಲೆ ಜನ ಮಾಡಿದ್ದು. ಈ ಎರಡು ಪದಗಳನ್ನು ನನಗೆ ಕಲಿಸಿದವರು ಅವರೇ. ನಾನು ಡಿಗ್ರಿ ಓದುತ್ತಿದ್ದಾಗ ಕೊಪ್ಪದ ಬಸ್ಸಿನಲ್ಲಿ ಚಿಲ್ಲರೆ ಕೊಟ್ಟವರು, ಒಂದು ನಾಣ್ಯವನ್ನು ನನ್ನ ಕೈಯಿಂದ ವಾಪಸ್ಸು ತೆಗೆದುಕೊಂಡು, “ಇದು ಬೇಡ, ಬೇರೆ ತಗ” ಎಂದಿದ್ದರು. ಯಾಕೆ ಎಂದು ಕೇಳಿದೆ. ಅಲ್ಲಿಂದ ಶುರುವಾಯಿತು.

ಪೆಟ್ಟು ಬಿದ್ದಾಗ ಲೋಹ ಮಾಯವಾಗುವುದಿಲ್ಲ, ಪಕ್ಕಕ್ಕೆ ಸರಿದು ಗುಡ್ಡೆ ಕಟ್ಟಿರುತ್ತದೆ. ಉಗುರಿನ ತುದಿಗೆ ಅದು ಸಿಗುತ್ತದೆ. ಅಂಚನ್ನು ಇಲಿ ಕಡಿದಂತೆ ಕಾಣುವ ನಾಣ್ಯ ನಿಜವಾಗಿ ಟಂಕಸಾಲೆಯ ತಪ್ಪಾದರೆ, ಕಡಿದ ಜಾಗದ ನೇರ ಎದುರಿನ ಅಂಚೂ ಸಾಮಾನ್ಯವಾಗಿ ಸ್ವಲ್ಪ ಮಂಕಾಗಿರುತ್ತದೆ. ಮನೆಯಲ್ಲಿ ಕೂತು ಅರದಿಂದ ಉಜ್ಜಿದವನಿಗೆ ಆ ಎದುರಿನ ಅಂಚಿನ ನೆನಪೇ ಇರುವುದಿಲ್ಲ. ಇಂಥವನ್ನೆಲ್ಲ ಅವರು ಹೇಳಿಕೊಟ್ಟರು, ನಾನು ನೋಡುತ್ತಾ ಹೋದೆ. ಅವರಿಗೆ ಹತ್ತಿರದ್ದು ಸರಿಯಾಗಿ ಕಾಣದಂತಾದ ಮೇಲೆ, ನಾನು ನೋಡಿದ್ದನ್ನು ಅವರು ಮತ್ತೆ ನೋಡುವುದನ್ನೇ ಬಿಟ್ಟರು.

ನಾನು ಹೆಚ್ಚು ಮಾತಿನವಳಲ್ಲ. ಕೊಪ್ಪದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತೇನೆ. ಆ ಗಂಟೆ ಬಿಟ್ಟರೆ ನನ್ನ ಮಾತಿಗಾಗಿ ಕಾಯುವವರು ಯಾರೂ ಇಲ್ಲ. ಅವರ ಆ ಪ್ರಶ್ನೆ ನನಗೆ ಎಷ್ಟು ಬೇಕಾಗಿತ್ತು ಎಂಬುದನ್ನು ಯಾರಿಗೂ ಹೇಳಿರಲಿಲ್ಲ.

ಇನ್ನು ಭಾವ. ಅಕ್ಕನ ಗಂಡ, ಅಡ್ಡಗದ್ದೆಯವರು. ನನ್ನ ಹವ್ಯಾಸದ ಬಗ್ಗೆ ಅವರ ಅಭಿಪ್ರಾಯ ಮೊದಲು ಸ್ಪಷ್ಟವಾಗಿತ್ತು: “ದೇವಸ್ಥಾನದ ಮೆಟ್ಟಿಲ ಮೇಲೆ ಒಂದು ಬಟ್ಟೆ ಹಾಸಿ ಕೂತಿದ್ರೆ ಇಷ್ಟೊತ್ತಿಗೆ ಡಬ್ಬ ತುಂಬ್ತಿತ್ತಲ್ಲೆ.” ಆಮೇಲೆ ಯಾರೋ ಅವರ ಫೋನಿಗೆ ಒಂದು ವಿಡಿಯೊ ಕಳಿಸಿದರು. ತಪ್ಪಾಗಿ ಅಚ್ಚಾದ ನಾಣ್ಯಕ್ಕೆ ಲಕ್ಷ ಲಕ್ಷ ಸಿಗುತ್ತದಂತೆ. ಆ ಭಾನುವಾರದಿಂದ ನಾನು ಅಕ್ಕನ ಮನೆಗೆ ಹೋದಾಗಲೆಲ್ಲ ಕಾಫಿಗೂ ಮೊದಲು ನಾಣ್ಯಗಳು ಬರತೊಡಗಿದವು.

“ಇದು ನೋಡು, ಸಿಂಹದ ಮುಖವೇ ಇಲ್ಲ. ಎರರ್ರೇ.”

“ಪಂಪ್‌ಸೆಟ್ ಅಲುಗದ ಹಾಗೆ ನೀವೇ ಅಡಿಗೆ ಇಟ್ಟಿದ್ದು ಭಾವ. ಹಿಂದೆ ಸಿಮೆಂಟ್ ಇನ್ನೂ ಇದೆ.”

“ಇದು? ಹುಟ್ಟುವಾಗಲೇ ಬಗ್ಗಿದೆ.”

“ಬಾಗಿಲ ಸಂದಿಗೆ ಸಿಕ್ಕಿದೆ.”

ಒಂದು ಭಾನುವಾರ ಹೀಗೆ ಏಳೆಂಟು ನಾಣ್ಯ ಪೆಟ್ಟಿನ ಲೆಕ್ಕಕ್ಕೆ ಹೋದ ಮೇಲೆ ಅವರು ಕುರ್ಚಿಗೆ ಒರಗಿದರು. “ನಿಂಗೆ ಯಾವ್ದೂ ಒಪ್ಪಿಗೆ ಆಗಲ್ಲ ಬಿಡು. ಗಂಡು ನೋಡೋದ್ರಲ್ಲೂ ಇದೇ ಕತೆ. ಒಬ್ಬನ ಅಂಚು ಸರಿ ಇಲ್ಲ, ಇನ್ನೊಬ್ಬಂಗೆ ತೂಕ ಇಲ್ಲ.”

ಒಳಗಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ನಾನು ನಗಲಿಲ್ಲ. ಅಂದೇ ಮಧ್ಯಾಹ್ನ ಸೇಡು ತೀರಿಸಿಕೊಂಡೆ.

ಮರುದಿನ ಅಡಿಕೆಗೆ ಔಷಧಿ ಹೊಡೆಸುವುದಿತ್ತು. ತಾಮ್ರದ ನೀಲಿ ಹರಳು ಮೈಲುತುತ್ತವನ್ನು ಕರಗಲು ಬಿಟ್ಟ ಬಕೆಟ್ ಕೊಟ್ಟಿಗೆಯ ಪಕ್ಕದಲ್ಲಿತ್ತು. ಸುಣ್ಣ ಇನ್ನೂ ಬೆರೆಸಿರಲಿಲ್ಲ. ಒಡಕು ಪ್ಲಾಸ್ಟಿಕ್ ಲೋಟವೊಂದಕ್ಕೆ ಆ ನೀಲಿ ನೀರನ್ನು ತೆಗೆದುಕೊಂಡೆ. ಸ್ಟೀಲಿನ ಒಂದು ರೂಪಾಯಿಯನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ, ಕಬ್ಬಿಣದ ಮೊಳೆಗೆ ತಾಗಿಕೊಂಡಿರುವಂತೆ ಮುಳುಗಿಸಿದೆ. ನೀರಿನಲ್ಲಿರುವ ತಾಮ್ರ ಕಬ್ಬಿಣವನ್ನು ಹುಡುಕಿಕೊಂಡು ಬರುತ್ತದೆ, ಅದಕ್ಕೆ ತಾಗಿದ್ದನ್ನೂ ಬಿಡುವುದಿಲ್ಲ. ಮಗುಚಿ ಹಾಕಿ ಇನ್ನಷ್ಟು ಹೊತ್ತು ಬಿಟ್ಟೆ. ತೊಳೆದು ಹತ್ತಿಯಲ್ಲಿ ಒರೆಸಿದಾಗ ರೂಪಾಯಿ ಹೊಸ ತಂಬಿಗೆಯ ಬಣ್ಣಕ್ಕೆ ಬಂದಿತ್ತು. ಮೊಳೆ ತಾಗಿದ ಕಡೆ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಜಾಗ ಮಾತ್ರ ಬಿಳಿಯಾಗಿ ಉಳಿಯಿತು. ಭಾವ ಚಿಲ್ಲರೆ ಹಾಕುವ ಬಟ್ಟಲಲ್ಲಿ ಅದನ್ನು ಇಟ್ಟು ಕೊಪ್ಪಕ್ಕೆ ಬಸ್ ಹತ್ತಿದೆ.

ಅವರು ಅರ್ಧ ದಿನದಲ್ಲಿ ಕಂಡುಹಿಡಿಯುತ್ತಾರೆ ಎಂದುಕೊಂಡಿದ್ದೆ. ಪ್ರತಿ ವರ್ಷ ಔಷಧಿ ಹದವಾಗಿದೆಯೇ ಎಂದು ನೋಡಲು ಡ್ರಮ್ಮಿಗೆ ಕತ್ತಿ ಅದ್ದುವವರು ಅವರೇ. ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ಅದೇ ಕೆಂಪು ರೂಪಾಯಿಯ ಮೇಲೆ ಕಂಡರೆ ಗೊತ್ತಾಗದೆ ಇರುತ್ತದೆಯೇ?

ಮರುದಿನ ಕಾಲೇಜು ಬಿಡುವ ಹೊತ್ತಿಗೆ ಭಾವನ ಜೀಪು ಗೇಟಿನ ಎದುರು ನಿಂತಿತ್ತು. ಔಷಧಿ ಹೊಡೆಯುವವರನ್ನು ತೋಟದಲ್ಲೇ ಬಿಟ್ಟು ಬಂದಿದ್ದರು.

“ಹತ್ತು ಬೇಗ. ನಿನ್ನ ಕಂಡಕ್ಟರಿಗೆ ಫೋನ್ ಮಾಡಿಯಾಯ್ತು. ತಾಮ್ರದ ರೂಪಾಯಿ!” ಕರವಸ್ತ್ರ ಬಿಡಿಸಿ ತೋರಿಸಿದರು. ನಾನು ತಿರುಗಿಸಿ ನೋಡಿದೆ. ಸಾಸಿವೆ ಕಾಳು ಹಾಗೆಯೇ ಇತ್ತು.

“ಭಾವ, ಇದು ಮೈಲುತುತ್ತದ ಬಣ್ಣದ ಹಾಗಿದೆಯಲ್ಲ?”

“ನಂಗೆ ಮೈಲುತುತ್ತ ಕಲಿಸ್ತೀಯಾ? ಹದಿನೈದು ವರ್ಷದಿಂದ ಔಷಧಿ ಹೊಡಿಸ್ತಿದೀನಿ ಮಾರಾಯ್ತಿ. ಹೊಟ್ಟೆಕಿಚ್ಚು ಅಂತ ಹೇಳು, ಒಪ್ಕೋತೀನಿ.”

ಮಾಡಿದ್ದು ನಾನೇ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರು ಸ್ಟೇರಿಂಗ್ ಮೇಲೆ ತಾಳ ಹಾಕುತ್ತಿದ್ದ ರೀತಿ ನೋಡುವುದಕ್ಕೇ ಖುಷಿಯಾಗಿತ್ತು. ಕಂಡಕ್ಟರು ಒಂದು ಅಯಸ್ಕಾಂತ ಹಿಡಿದರೆ ಮುಗಿಯಿತು, ನಾನು ಬಾಯಿ ಬಿಡುವುದೇ ಬೇಡ ಎಂದುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕೂತೆ.

ಕಂಡಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಕೆಂಪು ರೂಪಾಯಿಯನ್ನು ಬೆಳಕಿಗೆ ಹಿಡಿದು ಅವರು ಕೇಳಿದ್ದು ಇಷ್ಟೇ: “ಇವಳು ನೋಡಿದ್ಲಾ?”

“ನೋಡಿದ್ಲಲ್ಲ, ಜೀಪಲ್ಲೇ,” ಎಂದರು ಭಾವ. ಸುಳ್ಳೇನೂ ಅಲ್ಲ.

“ಹಾಗಾದ್ರೆ ಆಯ್ತು. ನಾನೆಂತಕ್ಕೆ ಮತ್ತೆ ನೋಡ್ಲಿ.”

ಒಳಗೆ ಹೋಗಿ ಎರಡು ರೂಪಾಯಿಯ ಒಂದು ನಾಣ್ಯ ತಂದು ಮೇಜಿನ ಮೇಲೆ ಇಟ್ಟರು. ಅವರ ಡಬ್ಬದಲ್ಲೇ ಅತಿ ಒಳ್ಳೆಯ ತಪ್ಪು ಅದು: ಅಚ್ಚು ಪಕ್ಕಕ್ಕೆ ಸರಿದು ಒಂದು ಬದಿ ಬಿದಿಗೆಯ ಚಂದ್ರನಷ್ಟು ಖಾಲಿ ಉಳಿದಿತ್ತು. ದುಡ್ಡಿಗೆ ಕೊಡುವವರಲ್ಲ. ಇದಕ್ಕಿಂತ ದೊಡ್ಡ ತಪ್ಪು ತಂದವರಿಗೆ ಮಾತ್ರ ಬದಲಿಗೆ ಕೊಡುವುದು ಎಂದು ನನಗೂ ಹೇಳಿದ್ದರು. ಈಗ ಅದನ್ನು ಭಾವನ ಕಡೆಗೆ ತಳ್ಳಿ, ಕನ್ನಡಕ ಹಣೆಗೇರಿಸಿ, ನನ್ನ ಕಡೆ ತಿರುಗಿದರು.

“ಎಂತ ಹೇಳ್ತೀಯ ಮಾರಾಯ್ತಿ?”

ಭಾವನ ಕೈ ಆಗಲೇ ನಾಣ್ಯದ ಮೇಲಿತ್ತು.

“ಪೆಟ್ಟು,” ಎಂದೆ.

“ನೋಡಿ, ನೋಡಿ!” ಭಾವ ಎದ್ದೇ ನಿಂತರು. “ತನಗೆ ಬೇಕು ಅಂದ್ರೆ ಹೀಗೇ ಹಳೀತಾಳೆ.”

“ಅಯಸ್ಕಾಂತ ಇದೆಯಾ?” ಕೇಳಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ, ಬೆನ್ನಿಗೆ ಅಯಸ್ಕಾಂತವಿದ್ದ ಪ್ಲಾಸ್ಟಿಕ್ ದ್ರಾಕ್ಷಿ ಗೊಂಚಲನ್ನು ಕಂಡಕ್ಟರು ಕಿತ್ತು ತಂದರು. ಕೆಂಪು ರೂಪಾಯಿ ಟಕ್ಕೆಂದು ಅದಕ್ಕೆ ಹಾರಿ ಅಂಟಿಕೊಂಡಿತು.

“ಅಂಟಿದ್ರೆ ಎಂತ ಆಯ್ತು?” ಎಂದರು ಭಾವ.

“ತಾಮ್ರದ ಬಿಲ್ಲೆಯ ಮೇಲೆ ಅಚ್ಚು ಬಿದ್ದಿದ್ರೆ ಅಂಟ್ತಿರ್ಲಿಲ್ಲ. ಒಳಗೆ ಸ್ಟೀಲೇ ಇದೆ, ಮೇಲೆ ಮಾತ್ರ ಬಣ್ಣ,” ಎಂದರು ಕಂಡಕ್ಟರು ನಿಧಾನವಾಗಿ.

“ಬಣ್ಣ ಬಳಿದೋರು ಯಾರು ಹಾಗಾದ್ರೆ? ನಮ್ಮ ಮನೆ ಬಟ್ಟಲಲ್ಲಿ?”

“ನಾನು.”

ಮೊಳೆ, ಲೋಟ, ಹುಣಸೆಹಣ್ಣು, ಎಲ್ಲ ಕ್ರಮವಾಗಿ ಹೇಳಿದೆ. ಬಕೆಟ್ಟಿನ ಮಾತು ಬಂದಾಗ ಭಾವನ ಬಾಯಿ ತೆರೆದುಕೊಂಡಿತು.

“ಥೂ, ನನ್ನ ಕತ್ತಿಗೆ ಹಿಡಿಯೋ ಬಣ್ಣ! ಇವತ್ತು ಬೆಳಿಗ್ಗೆ ಕೂಡ ನೋಡಿದೀನಲ್ಲೇ!” ಎಂದವರೇ ಮೇಜು ಕುಟ್ಟಿ ನಗತೊಡಗಿದರು. “ಗಂಡಿನ ಮಾತು ಆಡಿದ್ದಕ್ಕೇ ಅಲ್ವಾ? ಇನ್ನು ಆಡಲ್ಲ ಮಾರಾಯ್ತಿ, ನನ್ನ ಕೈಲಿ ಆಗಲ್ಲ.” ಅಕ್ಕನಿಗೆ ಫೋನ್ ಮಾಡಿ ಹೇಳಲು ಅಂಗಳಕ್ಕೆ ಓಡಿದರು.

ನನಗೂ ನಗು ಬಂತು. ಕಂಡಕ್ಟರು ಮಾತ್ರ ನಗಲಿಲ್ಲ. ದ್ರಾಕ್ಷಿ ಗೊಂಚಲಿನಿಂದ ರೂಪಾಯಿಯನ್ನು ಬಿಡಿಸಿ ಉಗುರಿನಿಂದ ಅದರ ಅಂಚನ್ನು ತಡವಿದರು. ಎರಡು ರೂಪಾಯಿಯನ್ನು ಒಳಗಿಡಲು ಹೋದರು. ಮತ್ತೆ ಬಂದಾಗ ಕೈಯಲ್ಲಿ ಬಿಸ್ಕತ್ತಿನ ಡಬ್ಬವಿತ್ತು, ಎಷ್ಟೋ ದಿನದಿಂದ ಮುಟ್ಟದ ಮಸೂರವೂ ಇತ್ತು.

“ಚೆನ್ನಾಗಿ ಮಾಡಿದೀಯ,” ಎಂದರು. “ಇದರಲ್ಲಿ ನೀನು ತಂದುಕೊಟ್ಟಿದ್ದು ಯಾವ್ಯಾವುದು?”

ಹನ್ನೊಂದು ಇದ್ದವು. ಆರಿಸಿ ಸಾಲಾಗಿ ಇಟ್ಟೆ. ಮೊದಲನೆಯದನ್ನು ಎತ್ತಿಕೊಂಡು, ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು.

“ಅದು ತಪ್ಪೇ. ಎದುರಿನ ಅಂಚು ನೋಡಿ, ಮಂಕಾಗಿದೆ—”

“ನೀ ಹೇಳ್ಬೇಡ. ನಾನೇ ನೋಡ್ತೀನಿ. ಟಾರ್ಚ್ ಹಿಡ್ಕ.”

ಫೋನಿನ ಟಾರ್ಚ್ ಹಾಕಿ ಹಿಡಿದೆ. ಒಂದೊಂದಕ್ಕೂ ಅವರು ಹತ್ತು ನಿಮಿಷ ತೆಗೆದುಕೊಂಡರು. ಹೊರಗೆ ಭಾವ ಮೂರನೆಯ ಬಾರಿ ಹಾರ್ನ್ ಹೊಡೆದಾಗ ನಾವು ಇನ್ನೂ ನಾಲ್ಕನೆಯದರಲ್ಲಿದ್ದೆವು. “ನೀವು ಹೋಗಿ ಭಾವ,” ಎಂದು ಕೂಗಿ ಹೇಳಿ, ಬೆಳಕು ಅಲುಗದಂತೆ ಕೈ ಬದಲಿಸಿಕೊಂಡೆ.