ಒನ್ಸ್ ಮೋರ್ ಎಂಬ ಸಂಜೀವಿನಿ

ನನ್ನ ಸ್ಕೂಟರಿನ ಸೀಟನ್ನು ಎತ್ತಿದರೆ, ಒಳ್ಳೆಯ ನಾಗರಿಕರು ಹೆಲ್ಮೆಟ್ಟನ್ನೋ ಮಳೆಯಂಗಿಯನ್ನೋ ಇಡುವ ಜಾಗದಲ್ಲಿ, ಒಂದು ಕೊಬ್ಬರಿ ಎಣ್ಣೆಯ ಶೀಶೆ, ಬಿಸಿನೀರಿನ ಫ್ಲಾಸ್ಕು, ಪಿನ್ನುಗಳ ಡಬ್ಬಿ, ಒಂದು ತುಂಡು ಒಣಶುಂಠಿ ಮತ್ತು ಮೊಣಕಾಲುದ್ದದ ಒಂದು ಚೌರಿ ನಿಮಗೆ ಕಾಣಸಿಗುತ್ತವೆ. ಪಾಂಡವಪುರದ ರಸ್ತೆಯಲ್ಲಿ ಒಮ್ಮೆ ತಪಾಸಣೆಗೆ ನಿಂತಿದ್ದ ಪೊಲೀಸಪ್ಪನೊಬ್ಬ ಸೀಟು ಎತ್ತಿಸಿ, ಆ ಕೂದಲರಾಶಿಯನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದು, "ಏನಮ್ಮ ಇದು?" ಎಂದ. "ರಾಜಕುಮಾರಿ ಕೂದ್ಲು ಸ್ವಾಮಿ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆ ರಾಜಕುಮಾರಿ ನಾನಲ್ಲವೆಂಬುದನ್ನು ತುಸು ಹೆಚ್ಚೇ ಬೇಗ ಖಾತ್ರಿ ಮಾಡಿಕೊಂಡು ಬಿಟ್ಟುಕಳಿಸಿದ.

ರಾಜಕುಮಾರಿ ಎಂದರೆ ಚಿನಕುರಳಿಯಲ್ಲಿರುವ ನನ್ನ ತಮ್ಮನ ಮಗಳು ಚೈತ್ರ. ಸರ್ಕಾರಿ ಕಚೇರಿಯೊಂದರಲ್ಲಿ ಬೆರಳು ಸವೆಯುವಷ್ಟು ಟೈಪು ಮಾಡಿ ನಿವೃತ್ತಳಾದ ನಾನು, ಇನ್ನು ಮೇಲೆ ಕಾಲು ಚಾಚಿಕೊಂಡು ಕೂರುತ್ತೇನೆಂದು ಊರಿಗೆಲ್ಲ ಸಾರಿಯಾಗಿತ್ತು. ಅಷ್ಟರಲ್ಲಿ ಈ ಹುಡುಗಿ ನಾಟಕಗಳಲ್ಲಿ ಪಾತ್ರ ಮಾಡುತ್ತೇನೆ, ಹಾಡನ್ನೂ ಬಿಡುವುದಿಲ್ಲ, ಎರಡರಿಂದಲೇ ಬದುಕುತ್ತೇನೆ ಎಂದು ಹಟ ಹಿಡಿದಳು. ಅವಳಪ್ಪ, "ನಮ್ಮಕ್ಕ ಜತೇಲಿ ಓಗಂಗಿದ್ರೆ ಓಗ್ಲಿ" ಎಂದು ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿ ತಾನು ಹಸು ಹಾಲು ಕರೆಯಲು ಹೋದ. ಹೀಗೆ ನಾನು ಅವಳ ಸಾರಥಿಯೂ, ಕಾವಲುಗಾರ್ತಿಯೂ, ಚೌರಿ ಹಿಡಿಯುವವಳೂ ಆದೆ. ಇಷ್ಟು ಖುಷಿಯ ನೌಕರಿ ನನಗೆ ಸರ್ಕಾರ ಎಂದೂ ಕೊಟ್ಟಿರಲಿಲ್ಲ.

ಆ ಎಣ್ಣೆ ಶೀಶೆಯನ್ನು ನೋಡಿದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಮುಖದ ಬಣ್ಣ ತೆಗೆಯಲು ಎಣ್ಣೆ ಬೇಕೇಬೇಕು. ಗಂಟಲಿಗೋ ಎಣ್ಣೆಯ ನೆರಳೂ ಆಗದು. ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿ ಬೋಂಡ ಬಾಣಲೆಯಿಂದ ಈಗಷ್ಟೇ ಮೇಲೆದ್ದು ಬರುತ್ತಿರುವಾಗ, ಕೆನ್ನೆಗೆಲ್ಲ ಎಣ್ಣೆ ಸವರಿಕೊಂಡು ನಿಂತ ಹುಡುಗಿ ಒಂದನ್ನೂ ಬಾಯಿಗೆ ಹಾಕಿಕೊಳ್ಳುವಂತಿಲ್ಲ. "ನೀನೇ ತಿನ್ನತ್ತೆ, ನಾನು ನೋಡ್ಕಂಡೇ ಒಟ್ಟೆ ತುಂಬುಸ್ಕತೀನಿ" ಎನ್ನುತ್ತಾಳೆ. ಅವಳ ಪಾಲಿನದನ್ನೂ ನಾನೇ ತಿಂದು ಕಲೆಗಾಗಿ ನನ್ನ ಕೈಲಾದ ತ್ಯಾಗವನ್ನು ಮಾಡುತ್ತೇನೆ. ಆದರೆ ಯೋಚಿಸಿ ನೋಡಿ, ಒಂದೇ ದೇಹದಲ್ಲಿ ವಾಸವಾಗಿರುವ ಈ ಎರಡು ವಿದ್ಯೆಗಳು ಎಣ್ಣೆಯ ವಿಚಾರಕ್ಕಷ್ಟೇ ಜಗಳವಾಡುತ್ತವೆಂದಲ್ಲ. ನಟನೆ ನಿನ್ನನ್ನು ನೀನು ಮರೆತುಬಿಡು ಎನ್ನುತ್ತದೆ. ಸಂಗೀತ ನಿನ್ನನ್ನು ನೀನು ಕೇಳಿಸಿಕೋ ಎನ್ನುತ್ತದೆ. ಮರೆಯುತ್ತಲೇ ಕೇಳಿಸಿಕೊಳ್ಳುವುದು ಹೇಗೆಂಬುದನ್ನು ನಾನು ಸ್ಕೂಟರ್ ಓಡಿಸುತ್ತ ಬಹಳ ಸಲ ಚಿಂತಿಸಿ, ಒಂದೆರಡು ಬಾರಿ ರಸ್ತೆಯುಬ್ಬುಗಳನ್ನು ಮರೆತು ಬೈಸಿಕೊಂಡಿದ್ದೇನೆ.

ಅವಳ ಗುರುಗಳೂ ಹಾಗೆಯೇ. ಶ್ರೀರಂಗಪಟ್ಟಣದಲ್ಲಿ ಹೊಳೆಯ ದಿಕ್ಕಿಗೆ ಕಿಟಕಿಯಿರುವ ಮನೆಯ ಸಂಗೀತದ ಟೀಚರಮ್ಮ, ಹಾಡುವಾಗ ಹುಬ್ಬು ಅಲುಗಿದರೂ ತಂಬೂರಿ ನಿಲ್ಲಿಸಿಬಿಡುತ್ತಾರೆ. "ಮುಖದಲ್ಲಿ ಹಾಡಬೇಡ ಮಗು, ಮುಖ ಸುಮ್ಮನಿರಲಿ, ಸ್ವರ ಮಾತ್ರ ನಡೆಯಲಿ" ಎಂಬುದು ಅವರ ಉಪದೇಶ. ನಾಗಮಂಗಲದ ಕಡೆಯ ನಾಟಕದ ಮೇಷ್ಟ್ರು ಗಂಗಾಧರಪ್ಪನವರೋ, ಕಾಲಿನಲ್ಲಿ ತುಳಿಯುವ ಹಾರ್ಮೋನಿಯಂ ಮುಂದೆ ಕುಳಿತರೆಂದರೆ ಸ್ವತಃ ತಾವೇ ಅರ್ಧ ನಾಟಕ ಆಡಿಬಿಡುವ ಮನುಷ್ಯ. "ಏನವ್ವ ಮಕಾನ ಕಲ್ಲು ಮಾಡ್ಕಂಡ್ ನಿಂತಿದ್ದೀಯ? ಕೊನೇ ಸಾಲಲ್ಲಿ ಕುಂತಿರೋ ಮುದುಕುಂಗೂ ನಿನ್ ದನಿ ಮುಟ್ಬೇಕು, ಅತ್ರ ಕುಂತಿರೋನ್ಗೆ ನಿನ್ ಕಣ್ಣೀರು ಕಾಣ್ಬೇಕು!" ಎಂದು ಗದರುತ್ತಾರೆ. ಟೀಚರಮ್ಮನ ಪ್ರಕಾರ ಇವರದು ಕಿರುಚಾಟ; ಇವರ ಪ್ರಕಾರ ಅವರದು ನಿದ್ದೆ. ಭಾನುವಾರ ಬೆಳಿಗ್ಗೆ ಒಬ್ಬರಿಂದ, ಸಂಜೆ ಇನ್ನೊಬ್ಬರಿಂದ ಬೈಸಿಕೊಂಡು ಬರುವ ಹುಡುಗಿ ಸ್ಕೂಟರಿನ ಹಿಂದೆ ಕುಳಿತು ಇಬ್ಬರನ್ನೂ ಅನುಕರಿಸುತ್ತ ಕಾಲುವೆಯ ಏರಿಯುದ್ದಕ್ಕೂ ನನ್ನನ್ನು ನಗಿಸುತ್ತಾಳೆ.

ಈಗ ನಮ್ಮ ಸೀಮೆಯ ನಾಟಕದ ಒಂದು ಸಂಗತಿಯನ್ನು ನಿಮಗೆ ಹೇಳಲೇಬೇಕು. ಇಲ್ಲಿ ನಾಟಕವಾಡುವವರು ವ್ಯವಸಾಯಗಾರರು, ಡೇರಿಯವರು, ಕಚೇರಿಯವರು. ತಿಂಗಳುಗಟ್ಟಲೆ ತಾಲೀಮು ಮಾಡಿ, ಗದ್ದೆಯಲ್ಲಿ ನೀರು ಕಟ್ಟುತ್ತಲೇ ರಾಜನ ಪಾತ್ರದ ಮಾತುಗಳನ್ನು ಒದರಿಕೊಂಡು ರಂಗಕ್ಕೆ ಬರುತ್ತಾರೆ. ಸ್ತ್ರೀಪಾತ್ರಕ್ಕೆ ಮಾತ್ರ ಚೈತ್ರಳಂಥ ಕಲಾವಿದೆಯರನ್ನು ಹೊರಗಿಂದ ಕರೆಸುತ್ತಾರೆ. ಹಾಡು ಹಿಡಿಸಿತೋ, ಜನ "ಒನ್ಸ್ ಮೋರ್" ಎಂದು ಕೂಗುತ್ತಾರೆ. ಕೂಗಿದರೆ ಮುಗಿಯಿತು, ಯುದ್ಧವಿರಲಿ, ಮದುವೆಯಿರಲಿ, ಮರಣವೇ ಇರಲಿ, ನಾಟಕ ನಿಂತು ಹಾಡು ಮತ್ತೊಮ್ಮೆ ಆಗಲೇಬೇಕು. ನಾಗಮಂಗಲದ ಬಳಿ ಒಮ್ಮೆ ಎದೆಗೆ ಕತ್ತಿ ಚುಚ್ಚಿಸಿಕೊಂಡು ಸತ್ತ ರಾಜರೊಬ್ಬರು ಒನ್ಸ್ ಮೋರ್ ಬಂದಕೂಡಲೇ ಕತ್ತಿಯನ್ನು ಪಕ್ಕಕ್ಕಿಟ್ಟು ಎದ್ದು, ಹಾಡಿ, ಭಾವಮೈದುನ ತಂದ ಹಾರ ಹಾಕಿಸಿಕೊಂಡು, ಎರಡನೆಯ ಸಲ ಸಾಯುವಾಗ ಫ್ಯಾನಿನ ಗಾಳಿ ಬೀಸುವ ಜಾಗವನ್ನು ಆರಿಸಿಕೊಂಡು ಸತ್ತದ್ದನ್ನು ನಾನೇ ನೋಡಿದ್ದೇನೆ. ಯಾರೂ ನಗಲಿಲ್ಲ. ಏಳದೆ ಹೋಗಿದ್ದರೆ ಮಾತ್ರ ಅದು ಸಭೆಗೆ ಮಾಡಿದ ಅವಮಾನವಾಗುತ್ತಿತ್ತು; ಅಂಥವರನ್ನು ಆ ಊರಿನವರು ಮತ್ತೆ ಕರೆಯುವುದಿಲ್ಲ.

ಈ ಪದ್ಧತಿಯೇ ಚೈತ್ರಳ ಕುತ್ತಿಗೆಗೆ ಬಂದದ್ದು ಹೇಗೆಂದರೆ, ಬೆಂಗಳೂರಿನ ಯುವ ನಿರ್ದೇಶಕರೊಬ್ಬರು ಯಾರದೋ ಮೊಬೈಲಿನಲ್ಲಿ ಅವಳ ಹಾಡು ನೋಡಿ ಫೋನು ಮಾಡಿದರು. ಅವರ ಸಿನಿಮಾಕ್ಕೆ ನಮ್ಮ ಕಡೆಯ ಹುಡುಗಿಯೊಬ್ಬಳು ನಾಯಕಿಯಾಗಬೇಕಿತ್ತು. ಫೋನಿನಲ್ಲಿ ಅವರು ಮುಚ್ಚುಮರೆಯಿಲ್ಲದೆ ಮಾತಾಡಿದರು: ಹಾಡುಗಳಿಗೆ ಬೇರೆ ದನಿಯನ್ನು ಗೊತ್ತುಮಾಡಿಯಾಗಿದೆ, ನಟನೆ ಹೇಗಿದೆಯೆಂದು ನೋಡಬೇಕು, ನಾಟಕದವರು ಹಾಡು ಬಂದೊಡನೆ ಪಾತ್ರವನ್ನು ಬಿಟ್ಟು ಪ್ರೇಕ್ಷಕರ ಕಡೆ ತಿರುಗಿಬಿಡುತ್ತಾರೆ, ಆ ಅಭ್ಯಾಸ ಇದ್ದರೆ ಕಷ್ಟ. ಚೈತ್ರ ಮರುದಿನ ಬೆಳಗಿನ ಜಾವದ ಅಭ್ಯಾಸವನ್ನೂ ಮಾಡದೆ ಹಿತ್ತಿಲ ಕಲ್ಲಿನ ಮೇಲೆ ಕುಳಿತಿದ್ದಳು. "ಮಕ ನಂದು, ದನಿ ಇನ್ಯಾರ್ದೋ ಅಂದ್ರೆ ಅರ್ಧ ನಾನು ಮನೇಲೇ ಉಳ್ಕಂಡಂಗೆ ಅಲ್ವಾ ಅತ್ತೆ?" ಎಂದಳು. ನನಗೆ ಸಿಟ್ಟು ಬಂತು. ಅವಕಾಶವೇ ಇಲ್ಲದವರು ಎಷ್ಟು ಜನ, ಮೊದಲು ಮುಖ ಹೋಗಲಿ, ದನಿ ಹಿಂದೆಯೇ ಬರುತ್ತದೆ ಎಂದು ಗದರಿದೆ. ಆದರೆ ಅವಳು ಹೇಳಿದ್ದು ನನಗೂ ಸರಿಯೆಂದೇ ತೋರಿತ್ತು, ಅದಕ್ಕೇ ಅಷ್ಟು ಜೋರಾಗಿ ಗದರಿದ್ದು.

ನಿರ್ದೇಶಕರು ಅವಳನ್ನು ನೋಡಲು ಬಂದದ್ದು ಕಿಕ್ಕೇರಿಯಲ್ಲಿ ನಡೆದ ಹಗಲು ನಾಟಕಕ್ಕೆ. ಗಂಗಾಧರಪ್ಪ ಮೇಷ್ಟ್ರೇ ಬರೆದ ಕಥೆ: ಪಾಳೇಗಾರನಿಗೂ ಅವನ ಮಗನಿಗೂ ಯುದ್ಧ, ನಿಲ್ಲಿಸಲು ನಡುವೆ ಓಡಿಬಂದ ಮಗಳಿಗೆ ಅಪ್ಪನ ಬಾಣವೇ ತಗಲುತ್ತದೆ, ಅವಳು ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಹಾಡಿ ಪ್ರಾಣ ಬಿಡುತ್ತಾಳೆ. ಪಾಳೇಗಾರನಾಗಿ ಡೇರಿಯ ತಮ್ಮಣ್ಣಗೌಡರು, ಸ್ವಂತ ಮೀಸೆಯಲ್ಲೇ. ಶಾಮಿಯಾನದ ಕೆಳಗೆ ಜನ ಕಿಕ್ಕಿರಿದಿದ್ದರು. ಎರಡನೆಯ ಸಾಲಿನಲ್ಲಿ ಕನ್ನಡಕದ ನಿರ್ದೇಶಕರು, ಯಾರೋ ಕೊಟ್ಟ ಕಡಲೆಪುರಿಯ ಪೊಟ್ಟಣವನ್ನು ಏನು ಮಾಡಬೇಕೆಂದು ತಿಳಿಯದೆ ಹಿಡಿದುಕೊಂಡು ಕುಳಿತಿದ್ದರು. ನಾನು ಪಕ್ಕದ ಪರದೆಯ ಮರೆಯಲ್ಲಿ, ಮೇಷ್ಟ್ರ ಹಾರ್ಮೋನಿಯಂ ಬಳಿ, ಫ್ಲಾಸ್ಕನ್ನು ಎದೆಗವಚಿಕೊಂಡು ನಿಂತಿದ್ದೆ.

ಬಾಣ ತಗಲಿತು. ಚೈತ್ರ ಕುಸಿದಳು. "ಬಿಲ್ಲ ಕೆಳಗಿಡು ಅಪ್ಪಯ್ಯಾ, ಬಾಗಿಲಲಿ ಅವ್ವ ಕಾದವಳೆ" ಎಂದು ಏರುಶ್ರುತಿಯಲ್ಲಿ ಎತ್ತಿಕೊಂಡು, ಕೊನೆಯ ಸಾಲಿನಲ್ಲಿ ದನಿಯನ್ನು ಒಡೆಯಿಸಿ, ಕೈ ಚೆಲ್ಲಿ ಸತ್ತಳು. ಜನ ಶಾಮಿಯಾನ ಹಾರಿಹೋಗುವ ಹಾಗೆ "ಒನ್ಸ್ ಮೋರ್!" ಎಂದರು. ಇಷ್ಟು ದಿನ ಈ ಕೂಗಿಗಾಗಿ ಹರಕೆ ಹೊತ್ತವಳು ನಾನು, ಅಂದು ಮಾತ್ರ ಈ ಜನಕ್ಕೆ ಒಂದು ಗಳಿಗೆ ಕಿವಿ ಕೇಳಿಸದಿರಲಪ್ಪ ಎಂದು ಬೇಡಿಕೊಂಡೆ. ಎದ್ದರೆ ನಿರ್ದೇಶಕರ ಮುಂದೆ ಪಾತ್ರ ಹೋಯಿತು. ಏಳದಿದ್ದರೆ ಅನ್ನ ಕೊಡುವ ಸಭೆ ಮುನಿಯಿತು.

ಚೈತ್ರ ಏಳಲಿಲ್ಲ. "ಏಳವ್ವ, ಜನ ಕೇಳ್ತಾವ್ರೆ" ಎಂದು ತಮ್ಮಣ್ಣಗೌಡರು ಮೀಸೆಯೊಳಗಿಂದ ಪಿಸುಗುಟ್ಟಿದರಂತೆ. ತುಟಿಯಲುಗಿಸದೆ, "ಏಳಕ್ಕಾಗಲ್ಲ ದೊಡ್ಡಪ್ಪ" ಎಂದಳಂತೆ. ಕೂಗು ಹೆಚ್ಚಿತು. ಹಿಂದಿನಿಂದ ಯಾರೋ, "ಏಳವ್ವೋ, ಇನ್ನೊಂದ್ಸಲ ಪದ ಹೇಳ್ಬುಟ್ಟು ಸಾಯೀವಂತೆ!" ಎಂದರು. ಇನ್ನೊಬ್ಬರು, "ಏನ್ಲಾ ಇದು, ಇಷ್ಟು ಜನ ಕೇಳುದ್ರೂ ದಿಮಾಕಾ?" ಎಂದರು. ಮೇಷ್ಟ್ರು ಬೆವರುತ್ತ ಶ್ರುತಿಯನ್ನು ತುಳಿಯುತ್ತಲೇ ನನ್ನತ್ತ ನೋಡಿದರು, ನಾನೇನೋ ಅವಳನ್ನು ಎಬ್ಬಿಸಿ ಕೊಡಬಲ್ಲೆನೆಂಬ ಹಾಗೆ.

ಆಗ ಆ ಗದ್ದಲದ ಅಡಿಯಿಂದ ಒಂದು ಸಣ್ಣ ಸ್ವರ ಕೇಳಿಸಿತು. ಎಲ್ಲಿಂದ ಬರುತ್ತಿದೆಯೆಂದು ನನಗೇ ಮೊದಲು ತಿಳಿಯಲಿಲ್ಲ. ಚೈತ್ರ ಸತ್ತಲ್ಲಿಯೇ ಮಲಗಿದ್ದಳು. ಕಣ್ಣು ಮುಚ್ಚಿತ್ತು, ಚೆಲ್ಲಿದ ಕೈ ಚೆಲ್ಲಿದಂತೆಯೇ ಇತ್ತು, ಹುಬ್ಬು ಅಲುಗಲಿಲ್ಲ, ಕೆನ್ನೆ ಅಲುಗಲಿಲ್ಲ. ಶ್ರೀರಂಗಪಟ್ಟಣದ ಟೀಚರಮ್ಮ ಅಷ್ಟು ವರ್ಷ ತಿದ್ದಿದ ಆ ಸುಮ್ಮನಿರುವ ಮುಖದೊಳಗಿಂದ ಅದೇ ಹಾಡು, ಮೊದಲಿನ ಆರ್ಭಟವೊಂದೂ ಇಲ್ಲದೆ, ಕೆಳಗಿನ ಸ್ಥಾಯಿಯಲ್ಲಿ, ತೊಟ್ಟಿಲು ತೂಗುವಷ್ಟು ನಿಧಾನವಾಗಿ ಬರುತ್ತಿತ್ತು. ಮೆಲ್ಲನೆಯ ಆ ದನಿ ಗಂಗಾಧರಪ್ಪ ಮೇಷ್ಟ್ರು ಕಲಿಸಿದ ಹಾಗೆಯೇ ಕಟ್ಟಕಡೆಯ ಸಾಲಿಗೂ ಮುಟ್ಟುತ್ತಿತ್ತು. ಜನ ಒಬ್ಬೊಬ್ಬರಾಗಿ ಸುಮ್ಮನಾದರು. ಸತ್ತ ಮಗಳು ಅಪ್ಪನ ಕಿವಿಯಲ್ಲಿ ಮಾತ್ರ ಹಾಡುತ್ತಿದ್ದಾಳೆ, ನಾವೆಲ್ಲ ಅದನ್ನು ಕದ್ದು ಕೇಳುತ್ತಿದ್ದೇವೆ ಎಂದು ನನಗೆ ಅನಿಸಿತು. ಹಾಡಿಗೆ ಭರ್ಜರಿ ಮುಕ್ತಾಯ ಕೊಡದೆ ಎಂದೂ ಬಿಡದ ಮೇಷ್ಟ್ರು ಹಾರ್ಮೋನಿಯಂ ಮನೆಗಳಿಂದ ಬೆರಳು ತೆಗೆದು, ಕಾಲನ್ನೂ ನಿಲ್ಲಿಸಿ, ಬರಿಯ ದನಿಯನ್ನೇ ಬಿಟ್ಟುಕೊಟ್ಟರು. ನಾನು ಅಳುತ್ತಿದ್ದೆ, ಮತ್ತು ಅಷ್ಟು ಸಂತೋಷವಾಗಿ ನಾನು ಹಿಂದೆಂದೂ ಅತ್ತಿರಲಿಲ್ಲ.

ಆಮೇಲೆ ಆದದ್ದನ್ನು ಯಾರೂ ಬರೆದಿರಲಿಲ್ಲ. ಕಥೆಯ ಪ್ರಕಾರ ಪಾಳೇಗಾರ ಇಲ್ಲಿ ರೋಷದಿಂದ ಬಿಲ್ಲೆತ್ತಿಕೊಂಡು ಮಗನ ಮೇಲೆ ಯುದ್ಧಕ್ಕೆ ಹೊರಡಬೇಕು. ತಮ್ಮಣ್ಣಗೌಡರಿಗೆ ಮಾತು ಮರೆತುಹೋಯಿತು. ಅವರು ಬಿಲ್ಲನ್ನು ದೂರ ತಳ್ಳಿ, ಮಗಳ ಹಣೆಯ ಮೇಲೆ ಕೈಯಿಟ್ಟುಕೊಂಡು ಗೊಳೋ ಎಂದು ಅಳತೊಡಗಿದರು, ಮೇಷ್ಟ್ರು ಎಷ್ಟು ಸನ್ನೆ ಮಾಡಿದರೂ ಏಳಲೇ ಇಲ್ಲ. ಪರದೆ ಬಿಡುವುದೊಂದೇ ಉಳಿದ ದಾರಿಯಾಯಿತು. ಎದುರು ಪಕ್ಕದಲ್ಲಿ ಕತ್ತಿ ಹಿರಿದು ಸಜ್ಜಾಗಿ ನಿಂತಿದ್ದ ಮಗನ ಪಾತ್ರಧಾರಿ ಮಾತ್ರ, "ನನ್ ಯುದ್ಧ ಎಲ್ಲೋಯ್ತು ಮೇಷ್ಟ್ರೇ? ನೆಂಟ್ರೆಲ್ಲ ಹಾರ ಇಡ್ಕಂಡ್ ಕುಂತವ್ರೆ!" ಎಂದು ಗಲಾಟೆ ಎಬ್ಬಿಸಿದ. ಅವನ ನೆಂಟರು ಕಣ್ಣೊರೆಸಿಕೊಳ್ಳುತ್ತಿದ್ದರು, ಹಾರಗಳು ತೊಡೆಯ ಮೇಲಿದ್ದವು.

ಬಣ್ಣದ ಕೋಣೆಯೆಂದರೆ ಶಾಲೆಯ ಒಂದು ತರಗತಿ. ಚೈತ್ರ ಬೆಂಚಿನ ಮೇಲೆ ಕುಳಿತು ಚೌರಿಯ ಪಿನ್ನು ಕೀಳುತ್ತಿದ್ದಾಗ ನಿರ್ದೇಶಕರು ಬಂದರು. ಕಡಲೆಪುರಿಯ ಪೊಟ್ಟಣ ಇನ್ನೂ ಅವರ ಕೈಯಲ್ಲಿಯೇ ಇತ್ತು, ಒತ್ತಿ ಹಿಡಿದದ್ದಕ್ಕೆ ಪುರಿಯೆಲ್ಲ ಪುಡಿಯಾಗಿತ್ತು.

"ಎರಡನೇ ಸಲ ಹಾಡಿದಿರಲ್ಲ," ಎಂದರು, "ಅದನ್ನು ನಟನೆ ಅನ್ನಲೋ, ಸಂಗೀತ ಅನ್ನಲೋ ನನಗೆ ತಿಳೀತಿಲ್ಲ. ಮೊದಲೇ ಯೋಚನೆ ಮಾಡಿಕೊಂಡಿದ್ದಿರಾ?"

ಚೈತ್ರ ನನ್ನನ್ನೊಮ್ಮೆ ನೋಡಿ ತಲೆ ತಗ್ಗಿಸಿದಳು. "ಇಲ್ಲ ಸಾರ್. ಜನ ಕೇಳುದ್ರು, ಕೊಡ್ದೆ ಇರಕ್ಕಾಗ್ಲಿಲ್ಲ. ಸತ್ತೋಗಿದ್ದೆ, ಏಳಂಗಿರ್ಲಿಲ್ಲ."

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಹಾಡಿಗೆ ಗೊತ್ತುಮಾಡಿದವರಿಗೆ ನಾನೇ ಫೋನು ಮಾಡಿ ಹೇಳ್ತೀನಿ ಬಿಡಿ. ಪಾತ್ರ ನಿಮ್ಮದು, ಹಾಡೂ ನಿಮ್ಮದೇ" ಎಂದರು. ಎರಡೂ ಕೈಯಿಂದ ಚೌರಿಯನ್ನು ಹಿಡಿದುಕೊಂಡು ಹುಡುಗಿ ನಮಸ್ಕಾರ ಮಾಡಲಾಗದೆ ಒದ್ದಾಡಿದಳು. ನಾನು ಆ ಮನುಷ್ಯನಿಗೆ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟೆ. ಕೊಡಲು ಬೇರೇನೂ ತೋಚಲಿಲ್ಲ.

ಹೊರಗೆ ಜನ ಮನೆಗೆ ಹೋಗಿರಲಿಲ್ಲ; ಸತ್ತ ಹುಡುಗಿ ಎದ್ದದ್ದನ್ನು ಅವರು ಯಾರೂ ಕಂಡಿರಲಿಲ್ಲ. ಬಾಗಿಲಲ್ಲಿ ಗದ್ದಲವೆದ್ದು, ತಡೆಯುತ್ತಿದ್ದವರನ್ನು ಮೊಣಕೈಯಿಂದ ತಿವಿದುಕೊಂಡು ಒಬ್ಬ ಅಜ್ಜಿ ಒಳಗೆ ಬಂದಳು. ಯಾರೆಂದು ನಮಗೆ ಗೊತ್ತಿರಲಿಲ್ಲ, ನಾವು ಯಾರೆಂದು ಅವಳೂ ಕೇಳಲಿಲ್ಲ. ನೇರವಾಗಿ ಚೈತ್ರಳ ಹತ್ತಿರ ಹೋಗಿ, ಬಣ್ಣ ಮೆತ್ತಿದ ಕೆನ್ನೆಯನ್ನು ಮುಟ್ಟಿದಳು, ಕತ್ತು ಮುಟ್ಟಿದಳು, ಅಂಗೈಯನ್ನು ತಿರುಗಿಸಿ ತನ್ನ ಕೈಯೊಳಗೆ ಹಿಡಿದು ನೋಡಿದಳು. ಚೈತ್ರ ನಗುತ್ತ, "ಏನಜ್ಜಿ?" ಎಂದಳು. ಅಜ್ಜಿ ಬಾಗಿಲಿಗೆ ಹೋಗಿ, ಕಾದು ನಿಂತಿದ್ದವರಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಬೆಚ್ಚಗವ್ಳೆ ಕಣ್ರಪ್ಪೋ! ಮನೆಗ್ ನಡೀರಿ!"