ಬಂಗುಡೆಯನ್ನು ಗೆದ್ದ ಶುಕ್ರವಾರ

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ನಮ್ಮ ಮನೆಯಲ್ಲಿ ಶುಕ್ರವಾರ ಮಾಂಸವಿಲ್ಲ, ಹಾಗಾಗಿ ಮೀನು ಇದ್ದೇ ಇರುತ್ತದೆ. ಇದು ತೀರಾ ಸುಲಭವಾಯಿತೆಂದು ಈ ವರ್ಷ ನಾನು ಮೀನನ್ನೂ ಬಿಡುತ್ತೇನೆಂದು ದೇವರಿಗೆ ಮಾತು ಕೊಟ್ಟೆ.

ಮೊದಲ ಶುಕ್ರವಾರವೇ ಅಮ್ಮ ಬಂದರಿನಿಂದ ತಾಜಾ ಬಂಗುಡೆ ತಂದು, ಮಸಾಲೆ ಹಚ್ಚಿ ಕಾವಲಿಗೆ ಹಾಕಿದರು. ಪರಿಮಳ ಹಾಲ್‌ವರೆಗೆ ಬಂತು. ನಾನು ದೇವರ ಪಟದ ಎದುರು ಮೊಣಕಾಲೂರಿ ಯೇಸು ಕಲಿಸಿದ ಪ್ರಾರ್ಥನೆ ಹೇಳತೊಡಗಿದೆ. ಶೋಧನೆಯಿಂದ, ಅಂದರೆ ಮನಸ್ಸನ್ನು ಸೆಳೆಯುವ ಆಸೆಯಿಂದ, ಕಾಪಾಡು ಎಂಬಲ್ಲಿಗೆ ಬರುವಾಗಲೇ ಅಮ್ಮ ಮೀನು ಮಗುಚಿ ಹಾಕಿದರು. ಆದರೂ ನಾನು ಸೋಲಲಿಲ್ಲ. ಊಟಕ್ಕೆ ಕೂತು ಬಂಗುಡೆಯ ತಟ್ಟೆಯನ್ನು ಆಚೆ ತಳ್ಳಿ, ಗಂಜಿಗೆ ಚಟ್ನಿ ಹಾಕಿಕೊಂಡೆ.

"ದೇವರು ಶಕ್ತಿ ಕೊಟ್ಟ," ಎಂದೆ, ಇನ್ನಷ್ಟು ಚಟ್ನಿ ಹಾಕಿಕೊಳ್ಳುತ್ತಾ.

"ಅದು ಒಣ ಸಿಗಡಿ ಚಟ್ನಿ ಮಾರಾಯ," ಎಂದರು ಅಮ್ಮ.

ಹುಟ್ಟಿದಾಗಿನಿಂದ ಗಂಜಿಯ ಜೊತೆ ತಿಂದದ್ದು. ಅದೂ ಮೀನಿನ ಲೆಕ್ಕವೆಂದು ತಲೆಗೇ ಹೊಳೆದಿರಲಿಲ್ಲ.

"ಸಿಗಡಿ ಮೀನಾ?" ಎಂದು ವಾದಿಸಿದೆ.

"ಸೈತಾನ ಬಂಗುಡೆಯ ವೇಷದಲ್ಲೇ ಬರ್ಬೇಕು ಅಂತ ಎಂತ ಉಂಟು?"

ಚಟ್ನಿ ಬದಿಗಿಟ್ಟು, ಪ್ರಾರ್ಥನೆಯನ್ನು ಮೊದಲಿನಿಂದ ಹೇಳಿ, ಉಳಿದ ಗಂಜಿಗೆ ಬರೀ ಉಪ್ಪು ಹಾಕಿಕೊಂಡೆ. ಎದುರಿಗೆ ಅಮ್ಮ ತುಟಿ ಕಚ್ಚಿಕೊಂಡು ಕೂತಿದ್ದರು. ಅವರಿಗೆ ಬಂದದ್ದು ನಗುವ ಶೋಧನೆ. ಅದನ್ನು ಅವರು ಗೆಲ್ಲಲಿಲ್ಲ.